ಏಷ್ಯಾದಲ್ಲಿ ಡಿಸ್ಕಸ್ ಚಿನ್ನಕ್ಕೆ 62ರಿಂದ 65 ಮೀಟರ್ ಸಾಕು: ನಮ್ಮ ಹುಡುಗರಿಗೆ ಬೇಕಾದ್ದು ಒಂದು ವೃತ್ತ, ಒಂದು ಬಲೆ

ಮಣ್ಣಗುಡ್ಡೆಯವ

ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಬಂತು ಅಂದರೆ ನಮ್ಮಲ್ಲಿ ರಿಲೇ, ಹರ್ಡಲ್ಸ್, ಭರ್ಜಿ ಎಸೆತದ ಮಾತು ಜೋರು. ಪುರುಷರ ಡಿಸ್ಕಸ್, ಅಂದರೆ ತಟ್ಟೆಯಂಥ ಚಕ್ರದ ಎಸೆತದ ಬಗ್ಗೆ ಯಾರೂ ಕೇಳುವುದಿಲ್ಲ. ಟಿವಿಯಲ್ಲೂ ಓಟಗಳ ಮಧ್ಯೆ ಎರಡು ಎಸೆತ ತೋರಿಸಿ ಮುಗಿಸುತ್ತಾರೆ. ನನಗೆ ಇದು ತುಂಬಾ ಬೇಸರದ ವಿಷಯ. ಅದಕ್ಕೇ ಈ ಚರ್ಚೆ ಶುರು ಮಾಡಿದೆ.

ಮೊದಲು ಅಂಕಿ ನೋಡಿ. 2013ರಲ್ಲಿ ಪುಣೆಯಲ್ಲಿ ವಿಕಾಸ್ ಗೌಡ ಏಷ್ಯನ್ ಚಾಂಪಿಯನ್ ಆದದ್ದು 64.90 ಮೀಟರ್ ಎಸೆದು. 2015ರಲ್ಲಿ ಚೀನಾದ ವುಹಾನ್‌ನಲ್ಲಿ ಮತ್ತೆ ಅವರದೇ ಚಿನ್ನ, 62.03. 2017ರಲ್ಲಿ ಭುವನೇಶ್ವರದಲ್ಲಿ ಇರಾನಿನ ಎಹ್ಸಾನ್ ಹದ್ದಾದಿ 64.54 ಎಸೆದು ಗೆದ್ದರು. ವಿಕಾಸ್ 60.81ಕ್ಕೆ ಕಂಚು ತಂದರು. ಈಗ ಜಗತ್ತಿನ ಲೆಕ್ಕ ನೋಡಿ. ಲಿಥುವೇನಿಯಾದ ಮಿಕೋಲಸ್ ಅಲೆಕ್ನಾ 2025ರ ಏಪ್ರಿಲ್‌ನಲ್ಲಿ 75.56 ಎಸೆದು ವಿಶ್ವ ದಾಖಲೆ ಮಾಡಿದ್ದಾರೆ. ಎರಡರ ಮಧ್ಯೆ ಹತ್ತು ಮೀಟರಿಗಿಂತ ಜಾಸ್ತಿ ಅಂತರ ಉಂಟು. ಒಲಿಂಪಿಕ್ಸ್ ಪದಕ ಬಹಳ ದೂರ, ಒಪ್ಪುತ್ತೇನೆ. ಆದರೆ ಏಷ್ಯಾದ ಪದಕ ಅಷ್ಟು ದೂರ ಇಲ್ಲ.

ವಿಕಾಸ್ ನಮ್ಮ ಮೈಸೂರಿನಲ್ಲಿ ಹುಟ್ಟಿದವರು. ಬೆಳೆದದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಓದಿದ್ದು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ. 2006ರಲ್ಲಿ ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಕೂಟದಲ್ಲೇ ಡಿಸ್ಕಸ್ ಗೆದ್ದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಚಿನ್ನ. ಪುರುಷರ ಅಥ್ಲೆಟಿಕ್ಸ್‌ನಲ್ಲಿ 1958ರ ಮಿಲ್ಖಾ ಸಿಂಗ್ ನಂತರ ಭಾರತಕ್ಕೆ ಬಂದ ಕಾಮನ್‌ವೆಲ್ತ್ ಚಿನ್ನ ಅದೇ. ಅವರ 66.28 ಮೀಟರ್ ರಾಷ್ಟ್ರೀಯ ದಾಖಲೆ 2012ರ ಏಪ್ರಿಲ್‌ನದು. ಎಸೆದದ್ದು ಅಮೆರಿಕದ ಒಕ್ಲಹೋಮಾದಲ್ಲಿ. ಅಲೆಕ್ನಾ ಕೂಡ ಓದಿದ್ದು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುಟ್ಟ ಸಮೋವಾಕ್ಕೆ ಕಂಚು ತಂದ ಅಲೆಕ್ಸ್ ರೋಸ್ ಕೂಡ ಅಮೆರಿಕದಲ್ಲೇ ಬೆಳೆದವರು.

ಈ ಮೂವರಿಗೂ ಹದಿಹರೆಯದಿಂದ ಇಪ್ಪತ್ತರವರೆಗೆ ದಿನವೂ ಸಿಕ್ಕಿದ್ದು ಏನು? ಒಳಗೆ ನಿಂತು ತಿರುಗಿ ಎಸೆಯಲು ಸರಿಯಾದ ಕಾಂಕ್ರೀಟ್ ವೃತ್ತ, ದಾರಿ ತಪ್ಪಿದ ಎಸೆತ ತಡೆಯಲು ಸುತ್ತ ಬಲೆ, ಪಕ್ಕದಲ್ಲಿ ಕೋಚ್. ನಮ್ಮ ಊರಿನ ಹುಡುಗನಿಗೆ ಏನು ಸಿಗುತ್ತದೆ? ಮೈದಾನದ ಮೂಲೆಯಲ್ಲಿ ಸುಣ್ಣದಲ್ಲಿ ಎಳೆದ ಒಂದು ಗುಂಡಗಿನ ಗೆರೆ. ಮಣ್ಣಿನ ಮೇಲೆ ತಿರುಗಿದರೆ ಶೂ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ತಿರುಗದೆ ನಿಂತಲ್ಲಿಂದಲೇ ಎಸೆದು ಅಭ್ಯಾಸ ಮಾಡುತ್ತಾನೆ. ರಾಜ್ಯ ಮಟ್ಟಕ್ಕೆ ಹೋದಾಗ ಮೊದಲ ಸಲ ನಿಜವಾದ ವೃತ್ತ ನೋಡುತ್ತಾನೆ. ಇಡೀ ಆಟ ಇರುವುದೇ ಆ ಒಂದೂವರೆ ಸುತ್ತಿನಲ್ಲಿ, ಅಲ್ವಾ?

ಮಂಗಳೂರು, ಉಡುಪಿ ಕಡೆ ಅಥ್ಲೆಟಿಕ್ಸ್ ಹುಚ್ಚು ಕಡಿಮೆ ಇಲ್ಲ. 2015ರ ಫೆಡರೇಷನ್ ಕಪ್ ರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟ ಮಂಗಳಾ ಕ್ರೀಡಾಂಗಣದಲ್ಲೇ ಆಯಿತು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ ಮೂಡುಬಿದಿರೆಯಲ್ಲಿ ನಡೆಯಿತು. ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ತಂದರು. ಓಟಕ್ಕೆ ಇಷ್ಟು ಮಾಡಿದ ನೆಲ ಎಸೆತಕ್ಕೆ ಯಾಕೆ ಮಾಡಬಾರದು? ತಾಲೂಕಿಗೆ ಒಂದಾದರೂ ವೃತ್ತ, ಬಲೆ ಬೇಕು ಅನ್ನುವುದು ನನ್ನ ಮಾತು. ಗೊತ್ತಿದ್ದವರು ಬರೆಯಿರಿ.

ಕಾರ್ಕಳದ ಪಿಟಿ ಮಾಸ್ಟ್ರು

ನೀವು ಬರೆದದ್ದು ಓದಿ ಸಂತೋಷವಾಯಿತು. ಆದರೆ ಶಾಲೆಯ ಕಡೆಯಿಂದಲೂ ಒಮ್ಮೆ ನೋಡಬೇಕು.

ನನ್ನ ಮೈದಾನದಲ್ಲಿ ಸಂಜೆ ಒಂದೇ ಹೊತ್ತಿಗೆ ವಾಲಿಬಾಲ್, ಕಬಡ್ಡಿ, ಖೋಖೋ ಎಲ್ಲ ನಡೆಯುತ್ತದೆ. ಡಿಸ್ಕಸ್ ಕಲಿಯುವವನ ಕೈಯಿಂದ ಅದು ಯಾವ ಕಡೆ ಹೋಗುತ್ತದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಗುಂಡು ಎಸೆತದಲ್ಲಿ ಗುಂಡು ಮುಂದೆ ಎಲ್ಲೋ ಬೀಳುತ್ತದೆ. ಡಿಸ್ಕಸ್ ಬಲಕ್ಕೂ ಹೋಗಬಹುದು, ಎಡಕ್ಕೂ ಹೋಗಬಹುದು, ಹಿಂದಕ್ಕೂ ಬರಬಹುದು. ಬಲೆ ಇಲ್ಲದೆ ಅದನ್ನು ಮಕ್ಕಳ ಕೈಗೆ ಕೊಡುವ ಧೈರ್ಯ ನನಗಿಲ್ಲ. ಒಂದು ಮಗುವಿನ ತಲೆಗೆ ಬಿದ್ದರೆ ಏನು ಗತಿ? ಹಾಗಾಗಿ ನಮ್ಮಲ್ಲಿ ಹೋಬಳಿ ಕ್ರೀಡಾಕೂಟಕ್ಕೆ ಕೆಲವು ದಿನ ಇರುವಾಗ ಮಾತ್ರ ಡಿಸ್ಕಸ್ ಹೊರಗೆ ಬರುತ್ತದೆ. ಇದು ಮಾಸ್ಟ್ರುಗಳ ಸೋಮಾರಿತನ ಅಲ್ಲ ಮಾರಾಯ್ರೆ.

ಇನ್ನೊಂದು ವಿಷಯ. ನಮ್ಮ ನೆಲ ಮುರಕಲ್ಲಿನದು. ಲೋಹದ ಅಂಚಿನ ಒಳ್ಳೆ ಡಿಸ್ಕಸ್ ನಾಲ್ಕು ಸಲ ಬಿದ್ದರೆ ಅಂಚು ಜಜ್ಜಿ ಹೋಗುತ್ತದೆ. ಆಮೇಲೆ ಬೆರಳು ಕೊಯ್ಯುತ್ತದೆ. ಅಭ್ಯಾಸಕ್ಕೆ ರಬ್ಬರಿನದೇ ವಾಸಿ.

ಮಣ್ಣಗುಡ್ಡೆಯವ

ಮಾಸ್ಟ್ರೆ, ನಿಮ್ಮ ಮಾತಿನಲ್ಲಿ ಒಂದಕ್ಷರವೂ ಅತಿ ಅಲ್ಲ. ಪ್ರತಿ ಶಾಲೆಗೂ ವೃತ್ತ ಅಂತ ನಾನು ಕೇಳುತ್ತಿಲ್ಲ. ತಾಲೂಕಿನಲ್ಲಿ ಒಂದು ಕಡೆ ಇರಲಿ. ವಾರಕ್ಕೆ ಎರಡು ಸಂಜೆ ಸುತ್ತಲಿನ ಶಾಲೆಗಳ ಆಸಕ್ತ ಮಕ್ಕಳು ಅಲ್ಲಿಗೆ ಬರಲಿ. ನಿಮ್ಮಂಥವರು ಒಬ್ಬರು ನಿಂತು ನೋಡಿಕೊಳ್ಳಬೇಕು. ಒಬ್ಬೊಬ್ಬ ಮಾಸ್ಟ್ರು ತಮ್ಮ ಮೈದಾನದಲ್ಲಿ ಭಯದಲ್ಲೇ ಕಲಿಸುವುದಕ್ಕಿಂತ ಅದು ಒಳ್ಳೆಯದು.

ಮಲ್ಪೆ ಬಂದರು

ನಮ್ಮ ಬಂದರಿನಲ್ಲಿ ಹಳೆ ಬಲೆಗೆ ಬರ ಇಲ್ಲ. ಮೀನು ಹಿಡಿಯುವ ಪರ್ಸೀನ್ ಬೋಟಿನ ಬಲೆ ನೋಡಿದ್ದೀರಲ್ವಾ, ಎಷ್ಟು ಗಟ್ಟಿ. ಕ್ರಿಕೆಟ್ ನೆಟ್ಸಿಗೆ ಎಷ್ಟೋ ಕಡೆ ಇದನ್ನೇ ಕಟ್ಟಿದ್ದಾರೆ. ಹರಿದ ಬಲೆ ಹೆಣೆದು ಕೊಡುವವರೂ ಇಲ್ಲೇ ಇದ್ದಾರೆ. ಯಾರಾದರೂ ಕಂಬ ನೆಟ್ಟರೆ ಬಲೆ ಕೊಡಿಸುವ ಜವಾಬ್ದಾರಿ ನನ್ನದು. ಸುಮ್ನೆ ಹೇಳುತ್ತಿಲ್ಲ.

ಸಿವಿಲ್ ಎಂಜಿನಿಯರ್, ಸುರತ್ಕಲ್

ಬಂದರಿನ ಅಣ್ಣನ ಮನಸ್ಸು ದೊಡ್ಡದು. ಆದರೆ ಬಲೆಯ ವಿಷಯದಲ್ಲಿ ಜಾಗ್ರತೆ ಬೇಕು.

ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ ಆಸುಪಾಸು. ಪುರುಷರ ಡಿಸ್ಕಸ್ 2 ಕಿಲೋ. ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬರುವ 2 ಕಿಲೋ ಡಿಸ್ಕಸ್ಸನ್ನು ತಡೆಯುವ ಹಾಗೆ ಬಲೆ ಇರಬೇಕು ಅಂತ ನಿಯಮವೇ ಇದೆ. ಅಂದರೆ ಗಂಟೆಗೆ 90 ಕಿಲೋಮೀಟರ್. ಹಗ್ಗದ ಬಲೆಯಾದರೆ ಕಣ್ಣು 45 ಮಿಲಿಮೀಟರಿಗಿಂತ ದೊಡ್ಡದಿರಬಾರದು. ಉಕ್ಕಿನ ತಂತಿಯಾದರೆ 50. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಬಿಗಿ ಮಾಡಿದರೆ ಡಿಸ್ಕಸ್ ಪುಟಿದು ಎಸೆದವನ ಮೇಲೆಯೇ ವಾಪಸ್ ಬರುತ್ತದೆ. ಸಡಿಲವಾಗಿ ಇಳಿಬಿಟ್ಟರೆ ಅದು ಅಲ್ಲೇ ಕೆಳಗೆ ಬೀಳುತ್ತದೆ. ಬಲೆಯ ಬುಡದಲ್ಲಿ ಸಂದಿ ಇರಲೇಬಾರದು.

ಬಿಸಿಲಿಗೆ ವರ್ಷಗಟ್ಟಲೆ ಬಿದ್ದ ನೈಲಾನ್ ಬಲ ಕಳೆದುಕೊಂಡಿರುತ್ತದೆ. ನೋಡಲು ಗಟ್ಟಿ ಕಾಣುತ್ತದೆ, ಪೆಟ್ಟು ಬಿದ್ದಾಗ ಹರಿಯುತ್ತದೆ. ಹಾಗಾಗಿ ಹಳೆ ಬಲೆಯನ್ನು ಎರಡು ಪದರ ಮಾಡಿ ಕಟ್ಟಿದರೂ ಅದನ್ನು ರಬ್ಬರ್ ಡಿಸ್ಕಸ್ಸಿಗೆ, ಚಿಕ್ಕ ಮಕ್ಕಳ ಅಭ್ಯಾಸಕ್ಕೆ ಮಾತ್ರ ಬಳಸಿ. ದೊಡ್ಡವರ ಡಿಸ್ಕಸ್ಸಿಗೆ ಹೊಸ ಬಲೆಯೇ ಬೇಕು.

ವೃತ್ತ ಮಾಡುವುದು ಮಾತ್ರ ಕಷ್ಟದ ಕೆಲಸ ಅಲ್ಲ. ಒಳಗಿನ ಅಡ್ಡಳತೆ 2.50 ಮೀಟರ್ ಇರುವ ಕಬ್ಬಿಣದ ಪಟ್ಟಿಯ ಬಳೆ. ಅದರೊಳಗೆ ಕಾಂಕ್ರೀಟ್, ಬಳೆಯ ಮೇಲಂಚಿಗಿಂತ ಸುಮಾರು 2 ಸೆಂಟಿಮೀಟರ್ ತಗ್ಗಿನಲ್ಲಿ. ಮೇಲ್ಮೈಯನ್ನು ಗಾಜಿನ ಹಾಗೆ ನುಣುಪು ಮಾಡಲು ಮೇಸ್ತ್ರಿಗೆ ಬಿಡಬೇಡಿ. ಮನೆ ನೆಲದ ಅಭ್ಯಾಸದಿಂದ ಅವರು ನುಣುಪು ಮಾಡಿಯೇ ಮಾಡುತ್ತಾರೆ! ಮರದ ಪಟ್ಟಿಯಲ್ಲಿ ಉಜ್ಜಿ ಸ್ವಲ್ಪ ತರಿ ಉಳಿಸಬೇಕು. ನೀರು ಹೋಗಲು ಅಂಚಿನಲ್ಲಿ ತೂತು ಬೇಕು. ಇಲ್ಲದಿದ್ದರೆ ನಮ್ಮ ಮಳೆಗೆ ಅದು ಬಾನಿ ಆಗುತ್ತದೆ, ಆಮೇಲೆ ಪಾಚಿ. ಬಲೆಯ ಬಾಯಿ 6 ಮೀಟರ್ ಅಗಲ, ವೃತ್ತದ ನಡುವಿನಿಂದ 7 ಮೀಟರ್ ಮುಂದೆ. ಎಸೆತ ಬೀಳಬೇಕಾದ ವಲಯದ ಕೋನ 34.92 ಡಿಗ್ರಿ.

ಅಜ್ಜರಕಾಡಿನ ಅಕ್ಕ

ನಾನು ಕಾಲೇಜಿನಲ್ಲಿ ಡಿಸ್ಕಸ್ ಎಸೆದವಳು. ನಮ್ಮದು 1 ಕಿಲೋ. ಅದಕ್ಕೇ ಈ ಚರ್ಚೆಗೆ ಇಳಿದೆ.

ಎಲ್ಲರೂ ತೋಳಿನ ಬಲದ ಮಾತಾಡುತ್ತಾರೆ. ಡಿಸ್ಕಸ್ ಕಾಲಿನ ಆಟ. ಬಲಗೈಯವರು ವೃತ್ತದ ಹಿಂಭಾಗದಲ್ಲಿ ಎಸೆತದ ದಿಕ್ಕಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಎಡಗಾಲಿನ ಮೇಲೆ ತಿರುಗಿ, ವೃತ್ತದ ನಡುವೆ ಬಲಗಾಲು ಊರಿ, ಎಡಗಾಲನ್ನು ಮುಂದೆ ಗಟ್ಟಿಯಾಗಿ ಇಟ್ಟಾಗ ಸೊಂಟ ಮೊದಲು ತಿರುಗಬೇಕು. ಎದೆ ಆಮೇಲೆ. ಕೈ ಎಲ್ಲಕ್ಕಿಂತ ಕೊನೆಗೆ. ಕೈ ಅವಸರ ಮಾಡಿತೋ, ಎಸೆತ ಸತ್ತಿತು. ಡಿಸ್ಕಸ್ ಕೈ ಬಿಡುವುದು ತೋರುಬೆರಳಿನ ತುದಿಯಿಂದ. ಆ ಬೆರಳೇ ಅದಕ್ಕೆ ಸುತ್ತು ಕೊಡುವುದು. ಸುತ್ತು ಸರಿ ಬಿದ್ದರೆ ಡಿಸ್ಕಸ್ ಗಾಳಿಯಲ್ಲಿ ಅಲುಗಾಡದೆ ಹೋಗುತ್ತದೆ.

ಇದನ್ನು ಕಲಿಯಲು ಮೊದಲ ತಿಂಗಳುಗಳಲ್ಲಿ ಡಿಸ್ಕಸ್ಸೇ ಬೇಡ. ಬರಿಗೈಯಲ್ಲಿ ತಿರುಗಿ. ಮನೆಯ ಜಗಲಿ ಸಾಕು, ಸಿಮೆಂಟಿನ ಅಂಗಳ ಸಾಕು. ಮಾಸ್ಟ್ರಿಗೆ ನನ್ನ ವಿನಂತಿ ಇಷ್ಟೇ: ಮಕ್ಕಳನ್ನು ನಿಂತೇ ಎಸೆಯುವ ಅಭ್ಯಾಸಕ್ಕೆ ಬಿಡಬೇಡಿ. ಹಾಗೆ ಎಸೆಯುವವನು ಶಾಲೆಯ ಕೂಟದಲ್ಲಿ ಬಲದಿಂದ ಗೆಲ್ಲುತ್ತಾನೆ. ಗೆದ್ದ ಮೇಲೆ ತಿರುಗುವುದನ್ನು ಕಲಿಯಲು ಮನಸ್ಸು ಮಾಡುವುದಿಲ್ಲ. ಯಾಕೆಂದರೆ ತಿರುಗಲು ಶುರು ಮಾಡಿದಾಗ ದೂರ ಮೊದಲು ಕಡಿಮೆಯೇ ಆಗುತ್ತದೆ. ಅಲ್ಲಿಯೇ ಎಷ್ಟೋ ಹುಡುಗರು ನಿಂತು ಹೋದರು.

ಇನ್ನೊಂದು, ವೃತ್ತ ಆದರೆ ಅದು ಹುಡುಗಿಯರಿಗೂ ಇರಲಿ. ತಲೆಬರಹದಲ್ಲಿ ಹುಡುಗರು ಮಾತ್ರ ಇದ್ದಾರೆ.

ಮಣ್ಣಗುಡ್ಡೆಯವ

ಖಂಡಿತ ಅಕ್ಕ. ವೃತ್ತ ಎಲ್ಲರದು. ಮಹಿಳೆಯರ ಡಿಸ್ಕಸ್‌ನಲ್ಲಿ ನಮ್ಮ ದೇಶದ ಲೆಕ್ಕ ಇನ್ನೂ ಚೆನ್ನಾಗಿದೆ. ಕೃಷ್ಣಾ ಪೂನಿಯಾ 2010ರ ದೆಹಲಿ ಕಾಮನ್‌ವೆಲ್ತ್ ಚಿನ್ನ ಗೆದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು.

ದೋಹಾದಲ್ಲಿರುವ ಕುಂದಾಪುರದವ

2019ರ ಏಷ್ಯನ್ ಚಾಂಪಿಯನ್‌ಷಿಪ್ ಇಲ್ಲೇ ಖಲೀಫಾ ಕ್ರೀಡಾಂಗಣದಲ್ಲಿ ನಡೆಯಿತು. ನಾನು ಗ್ಯಾಲರಿಯಲ್ಲಿದ್ದೆ. ಹದ್ದಾದಿಯನ್ನು ಕಣ್ಣಾರೆ ನೋಡಿದೆ. ಅವರ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ, ಅದಕ್ಕೆ ಬರೆಯುತ್ತೇನೆ.

ಏಷ್ಯಾದ ದಾಖಲೆ ಅವರದೇ, 69.32 ಮೀಟರ್, 2008ರಲ್ಲಿ ಎಸ್ಟೋನಿಯಾದ ತಾಲಿನ್‌ನಲ್ಲಿ ಎಸೆದದ್ದು. ಏಷ್ಯನ್ ಗೇಮ್ಸ್‌ನಲ್ಲಿ 2006, 2010, 2014, 2018, ನಾಲ್ಕು ಸಲವೂ ಚಿನ್ನ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 68.18 ಎಸೆದು ಬೆಳ್ಳಿ. ಜರ್ಮನಿಯ ರಾಬರ್ಟ್ ಹಾರ್ಟಿಂಗ್ 68.27 ಎಸೆದು ಗೆದ್ದರು. ಬರೀ 9 ಸೆಂಟಿಮೀಟರ್! ಅದೇ ಲಂಡನ್‌ನಲ್ಲಿ ವಿಕಾಸ್ ಎಂಟನೆಯವರು. ಅಂದರೆ ವಿಕಾಸ್ ಏಷ್ಯಾದಲ್ಲಿ ಪೈಪೋಟಿ ಮಾಡಿದ್ದು ಒಲಿಂಪಿಕ್ಸ್ ಬೆಳ್ಳಿ ಗೆದ್ದವರ ಜೊತೆ. ಆ ಕಾಲದಲ್ಲಿ ಏಷ್ಯಾದ ಬೆಳ್ಳಿ, ಕಂಚು ಸಣ್ಣ ವಿಷಯ ಅಲ್ಲ.

ಸ್ಪರ್ಧೆ ನೋಡುವವರು ಒಂದು ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ ಫೈನಲ್‌ನಲ್ಲಿ ಎಲ್ಲರಿಗೂ ಮೂರು ಎಸೆತ. ಮೊದಲ ಎಂಟು ಮಂದಿಗೆ ಇನ್ನೂ ಮೂರು. ಮೂರನೇ ಎಸೆತದ ಹೊತ್ತಿಗೆ ಒಂಬತ್ತನೆಯ ಸ್ಥಾನದಲ್ಲಿ ಇರುವವನ ಮುಖ ನೋಡಿ. ಮೊದಲ ಎರಡು ಫೌಲ್ ಆಗಿದ್ದರೆ ಮೂರನೆಯದನ್ನು ಜೋರಾಗಿ ಬೀಸಬೇಕೋ, ಸುಮ್ಮನೆ ಒಳಗೆ ಹಾಕಬೇಕೋ? ಅಲ್ಲಿ ಅವನ ಅನುಭವ ಗೊತ್ತಾಗುತ್ತದೆ. ಹದ್ದಾದಿ ಅಂಥ ಹೊತ್ತಿನಲ್ಲೂ ಅವಸರ ಮಾಡುವುದಿಲ್ಲ. ಟವೆಲ್‌ನಲ್ಲಿ ಡಿಸ್ಕಸ್ ಒರೆಸುವುದೂ ನಿಧಾನ.

ಗಾಳಿ ಲೆಕ್ಕ

ಭೌತಶಾಸ್ತ್ರ ಪಾಠ ಮಾಡುವವ ನಾನು. ಮೇಲೆ ಒಕ್ಲಹೋಮಾ ಹೆಸರು ಬಂತು, ಯಾರೂ ಗಮನಿಸಲಿಲ್ಲ. ವಿಕಾಸ್ ಅವರ 66.28 ಒಕ್ಲಹೋಮಾದ ನಾರ್ಮನ್‌ನಲ್ಲಿ. ಅಲೆಕ್ನಾ 2024ರ ಏಪ್ರಿಲ್‌ನಲ್ಲಿ 74.35 ಎಸೆದು, 1986ರಿಂದ ಇದ್ದ ಯೂರ್ಗನ್ ಶುಲ್ಟ್ ಅವರ 74.08 ದಾಖಲೆ ಮುರಿದದ್ದು ಒಕ್ಲಹೋಮಾದ ರಮೋನಾದಲ್ಲಿ. ಮರುವರ್ಷದ 75.56 ಕೂಡ ಅಲ್ಲೇ. ಆ ಬಯಲಿನಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ.

ಹೊಸಬರಿಗೆ ವಿಚಿತ್ರ ಅನಿಸಬಹುದು: ಡಿಸ್ಕಸ್ ದೂರ ಹೋಗುವುದು ಎದುರು ಗಾಳಿಗೆ. ಹಿಂದಿನಿಂದ ಬೀಸುವ ಗಾಳಿ ಅದನ್ನು ಬೇಗ ಕೆಳಗೆ ಇಳಿಸುತ್ತದೆ. ಗಾಳಿಪಟದ ಹಾಗೆ, ಎದುರು ಗಾಳಿ ತಟ್ಟೆಯ ಅಡಿಗೆ ಹೊಡೆದು ಅದನ್ನು ಎತ್ತಿ ಹಿಡಿಯುತ್ತದೆ. ಬಲಗೈಯವರಿಗೆ ಎದುರಿನ ಬಲದಿಂದ ಬರುವ ಗಾಳಿ ಎಲ್ಲಕ್ಕಿಂತ ಒಳ್ಳೆಯದು. ಒಳ್ಳೆ ಗಾಳಿ ಸಿಕ್ಕರೆ ಕೆಲವು ಮೀಟರ್ ಲಾಭ. 100 ಮೀಟರ್ ಓಟಕ್ಕೆ, ಉದ್ದ ಜಿಗಿತಕ್ಕೆ ಸೆಕೆಂಡಿಗೆ 2 ಮೀಟರ್ ಗಾಳಿಯ ಮಿತಿ ಇದೆ. ಡಿಸ್ಕಸ್ಸಿಗೆ ಅಂಥ ಮಿತಿ ಇಲ್ಲ.

ಹಾಗಾಗಿ ಚಾಂಪಿಯನ್‌ಷಿಪ್‌ನ ದೂರವನ್ನೂ ರಮೋನಾದ ದೂರವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ದೊಡ್ಡ ಕ್ರೀಡಾಂಗಣದಲ್ಲಿ ಸುತ್ತ ಗ್ಯಾಲರಿ ಗಾಳಿಯನ್ನು ತಡೆಯುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಮೈಕಾದ ರೋಜೆ ಸ್ಟೋನಾ ಚಿನ್ನ ಗೆದ್ದದ್ದು 70.00ಕ್ಕೆ. ಅದೇ ವರ್ಷ 74 ದಾಟಿದ್ದ ಅಲೆಕ್ನಾ ಅಲ್ಲಿ 69.97. ಮಣ್ಣಗುಡ್ಡೆಯವರು ಹೇಳಿದ ಹತ್ತು ಮೀಟರ್ ಅಂತರದಲ್ಲಿ ಒಂದು ಪಾಲು ಗಾಳಿಯದು. ದೊಡ್ಡ ಕೂಟದ ದೂರವನ್ನು ದೊಡ್ಡ ಕೂಟದ ದೂರಕ್ಕೇ ಹೋಲಿಸಿದರೆ ನಮಗೂ ಜಗತ್ತಿಗೂ ಇರುವ ಅಂತರ ಐದರಿಂದ ಎಂಟು ಮೀಟರಿಗೆ ಇಳಿಯುತ್ತದೆ.

ಇನ್ನು ನಮ್ಮ ಊರು. ಇಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಪಡುವಣದಿಂದ ಬರುತ್ತದೆ. ವೃತ್ತವನ್ನು ಪಡುವಣದ ಕಡೆಗೆ ಎಸೆಯುವ ಹಾಗೆ ಮಾಡಿದರೆ ಸಂಜೆಯ ಅಭ್ಯಾಸಕ್ಕೆ ದಿನವೂ ಎದುರು ಗಾಳಿ ಸಿಗುತ್ತದೆ.

ಕಾರ್ಕಳದ ಪಿಟಿ ಮಾಸ್ಟ್ರು

ಗಾಳಿಯ ಮಾತು ಸರಿ. ಆದರೆ ಸಂಜೆ ಪಡುವಣಕ್ಕೆ ಮುಖ ಮಾಡಿದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಎಸೆಯುವವನಿಗಿಂತ ಡಿಸ್ಕಸ್ ಹೆಕ್ಕಲು ಆ ಕಡೆ ನಿಂತ ಮಕ್ಕಳದ್ದೇ ನನಗೆ ಚಿಂತೆ.

ಗಾಳಿ ಲೆಕ್ಕ

ಹೆಕ್ಕುವ ಮಕ್ಕಳು ಎಸೆಯುವವನನ್ನು ನೋಡುತ್ತಾರೆ, ಅಂದರೆ ಮೂಡಣಕ್ಕೆ ಮುಖ. ಸೂರ್ಯ ಅವರ ಬೆನ್ನಿಗೆ ಇರುತ್ತಾನೆ. ಎಸೆಯುವವನಿಗೆ ತೊಂದರೆ ನಿಜ. ವಾಯವ್ಯಕ್ಕೆ ತಿರುಗಿಸಿದರೆ ಹೆಚ್ಚು ತಿಂಗಳು ಸೂರ್ಯ ಎಡಕ್ಕೆ ಸರಿಯುತ್ತಾನೆ, ಗಾಳಿ ಎದುರು ಎಡದಿಂದ ಬರುತ್ತದೆ. ಬಲಗೈಯವರಿಗೆ ಅದು ಎಲ್ಲಕ್ಕಿಂತ ಒಳ್ಳೆಯ ಗಾಳಿ ಅಲ್ಲ, ಆದರೂ ನಡೆಯುತ್ತದೆ. ಏನೇ ಮಾಡಿದರೂ ಎಸೆತ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ಹೆಕ್ಕುವುದು ಒಳ್ಳೆ ಪದ್ಧತಿ. ಆ ಕಡೆ ಯಾರೂ ನಿಲ್ಲುವುದೇ ಬೇಡ.

ಮಲ್ಪೆ ಬಂದರು

ಮಳೆಗಾಲದ ನಾಲ್ಕು ತಿಂಗಳು ಎಂತ ಮಾಡುವುದು?

ದೋಹಾದಲ್ಲಿರುವ ಕುಂದಾಪುರದವ

2025ರ ಟೋಕಿಯೊ ಫೈನಲ್ ಹುಡುಕಿ ನೋಡಿ. ಜೋರು ಮಳೆ. ಸ್ಪರ್ಧೆ ನಿಲ್ಲಿಸಿ ಮತ್ತೆ ಶುರು ಮಾಡಿದರು. ವೃತ್ತದಲ್ಲಿ ಕಾಲು ಜಾರುತ್ತಿತ್ತು. ಅಂಥದ್ದರಲ್ಲಿ ಸ್ವೀಡನ್‌ನ ಡೇನಿಯಲ್ ಸ್ಟೋಲ್ 70.47 ಎಸೆದು ಗೆದ್ದರು. ಅಲೆಕ್ನಾ 67.84ರಲ್ಲಿ ಬೆಳ್ಳಿ. ಒದ್ದೆ ವೃತ್ತದಲ್ಲಿ ಕಾಲು ನಿಲ್ಲಿಸುವುದು ಕಲಿತ ಹುಡುಗನಿಗೆ ಅಂಥ ದಿನ ಲಾಭವೇ. ನಮ್ಮ ಮಳೆಗೆ ಹೆದರಬೇಕಾಗಿಲ್ಲ.

ಅಜ್ಜರಕಾಡಿನ ಅಕ್ಕ

ಹೆದರಬೇಕಾಗಿಲ್ಲ, ಆದರೆ ಪಾಚಿ ಹಿಡಿದ ಕಾಂಕ್ರೀಟ್ ಮೇಲೆ ಮಕ್ಕಳನ್ನು ತಿರುಗಿಸಬೇಡಿ. ಮಂಡಿ ಹೋಯಿತು ಅಂದರೆ ಆಟ ಮುಗಿಯಿತು. ಮಳೆಗಾಲದಲ್ಲಿ ಶೀಟ್ ಹಾಕಿದ ಜಾಗದಲ್ಲಿ ಬರಿಗೈ ಸುತ್ತು, ಸ್ಕ್ವಾಟ್, ಮೆಡಿಸಿನ್ ಬಾಲ್ ಅನ್ನುವ ಭಾರದ ಚೆಂಡಿನ ಅಭ್ಯಾಸ. ಬಲೆಗೆ ನೇರ ಎಸೆಯುವ ಅಭ್ಯಾಸವನ್ನೂ ಮಾಡಬಹುದು. ದೂರ ನೋಡುವ ಆಸೆ ಇಲ್ಲದಿದ್ದಾಗ ಕಾಲಿನ ಕೆಲಸ ಚೆನ್ನಾಗಿ ಕೂರುತ್ತದೆ.

ಒಬ್ಬ ಅಪ್ಪ, ಬ್ರಹ್ಮಾವರ

ಎಲ್ಲ ಓದಿದೆ. ನನ್ನ ಮಗನಿಗೆ ಹದಿನಾರು. ಎತ್ತರ ಇದ್ದಾನೆ, ಕೈ ಉದ್ದ. ಗುಂಡು ಎಸೆತದಲ್ಲಿ ಶಾಲೆಗೆ ಮೊದಲು ಬರುತ್ತಾನೆ. ಎಷ್ಟು ತೂಕದ ಡಿಸ್ಕಸ್ ಕೊಡಿಸಬೇಕು? ಜಿಮ್‌ನಲ್ಲಿ ಒಬ್ಬರು ಮೈ ಬೆಳೆಯಲು ಡಬ್ಬದ ಪುಡಿ ತೆಗೆದುಕೊಳ್ಳಲು ಹೇಳಿದ್ದಾರೆ. ಕೊಡಬಹುದಾ? ಅವನು ಎಡಗೈಯವ. ಅದರಿಂದ ತೊಂದರೆ ಇದೆಯಾ?

ಅಜ್ಜರಕಾಡಿನ ಅಕ್ಕ

ಪುಡಿ ಖಂಡಿತ ಬೇಡ ಅಣ್ಣ. ಡಬ್ಬದ ಮೇಲೆ ಬರೆದದ್ದೇ ಒಳಗೆ ಇರುತ್ತದೆ ಅಂತ ನಂಬಲಾಗುವುದಿಲ್ಲ. ನಿಷೇಧಿತ ಮದ್ದು ಬೆರೆತಿದ್ದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಹುಡುಗ. ಕೊಟ್ಟವರು ಯಾರು ಅಂತ ಆಮೇಲೆ ಹೇಳಿದರೂ ದೇಹದಲ್ಲಿ ಸಿಕ್ಕಿದ್ದಕ್ಕೆ ಅವನೇ ಹೊಣೆ. ಎಸೆತದ ಆಟಗಳಲ್ಲಿ ಈ ರೋಗ ಜಾಸ್ತಿ, ಅದಕ್ಕೇ ಖಡಕ್ಕಾಗಿ ಹೇಳುತ್ತಿದ್ದೇನೆ. ಮೊಟ್ಟೆ, ಮೀನು, ಬೇಳೆ, ಹಾಲು, ಎಂಟು ಗಂಟೆ ನಿದ್ದೆ. ಈ ವಯಸ್ಸಿಗೆ ಅಷ್ಟು ಸಾಕು.

ಕಾರ್ಕಳದ ಪಿಟಿ ಮಾಸ್ಟ್ರು

ತೂಕದ ವಿಷಯ ನಾನು ಹೇಳುತ್ತೇನೆ. 18ರೊಳಗಿನ ಹುಡುಗರಿಗೆ 1.5 ಕಿಲೋ, 20ರೊಳಗೆ 1.75, ಆಮೇಲೆ 2 ಕಿಲೋ. ಮಗನಿಗೆ 1.5ರ ರಬ್ಬರ್ ಡಿಸ್ಕಸ್ ತನ್ನಿ. ಸುತ್ತು ಕಲಿಯುವಾಗ 1 ಕಿಲೋದ್ದೂ ಒಂದು ಇರಲಿ. ಬೇಗ ದೊಡ್ಡವನಾಗಲಿ ಅಂತ 2 ಕಿಲೋ ಕೊಡಬೇಡಿ. ಭಾರ ಜಾಸ್ತಿ ಆದರೆ ಕೈಯಿಂದ ಎಳೆಯಲು ಶುರು ಮಾಡುತ್ತಾನೆ, ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಶೂ ನುಣುಪು ಅಡಿಯದ್ದು ಬೇಕು, ಮೊಳೆ ಇರುವ ಓಟದ ಶೂ ಅಲ್ಲ.

ನಿಯಮ ಈಗಲೇ ಕಲಿಸಿ. ಬಳೆಯ ಮೇಲಂಚು ಮೆಟ್ಟಿದರೆ ಫೌಲ್. ಡಿಸ್ಕಸ್ ನೆಲಕ್ಕೆ ಬೀಳುವ ಮೊದಲು ವೃತ್ತ ಬಿಟ್ಟರೆ ಫೌಲ್. ಹೊರಗೆ ಬರುವುದು ವೃತ್ತದ ಹಿಂದಿನ ಅರ್ಧದಿಂದಲೇ. ಒಳ್ಳೆ ಎಸೆತ ಬಿದ್ದ ಖುಷಿಯಲ್ಲಿ ಮುಂದಿನಿಂದ ಓಡಿ ಬಂದು ಪದಕ ಕಳೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಎಡಗೈ ತೊಂದರೆಯೇ ಅಲ್ಲ. ಎಲ್ಲದರಲ್ಲೂ ಎಡ ಬಲ ಅದಲು ಬದಲು ಮಾಡಿ ಕಲಿಸಿದರಾಯಿತು.

ಮತ್ತೊಂದು. ನಮ್ಮ ಶಾಲೆಯ ಹಿಂದೆ ಗುಡ್ಡದ ಬದಿಗೆ ಒಂದು ಖಾಲಿ ಜಾಗ ಉಂಟು. ಅಲ್ಲಿ ಬೇರೆ ಆಟ ಇಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡುತ್ತೇನೆ. ಎಂಜಿನಿಯರ್ ಸರ್ ಒಮ್ಮೆ ಬಂದು ಅಳತೆ ನೋಡಿ ಹೇಳಬಹುದಾ?

ಸಿವಿಲ್ ಎಂಜಿನಿಯರ್, ಸುರತ್ಕಲ್

ಭಾನುವಾರ ಬರುತ್ತೇನೆ ಮಾಸ್ಟ್ರೆ. ಮುಂದೆ ಎಷ್ಟು ಮೀಟರ್ ಬಯಲು ಸಿಗುತ್ತದೆ ಅಂತ ಮೊದಲೇ ಟೇಪು ಹಿಡಿದು ನೋಡಿಡಿ. 70 ಮೀಟರಾದರೂ ಬೇಕು. ಇಳಿಜಾರು ಇದ್ದರೆ ಫೋಟೋ ಹಾಕಿ.

ಗಾಳಿ ಲೆಕ್ಕ

ಜಾಗ ಯಾವ ದಿಕ್ಕಿಗೆ ತೆರೆದಿದೆ ಅಂತಲೂ ತಿಳಿಸಿ. ಬ್ರಹ್ಮಾವರದ ಹುಡುಗ ಅಲ್ಲಿಗೆ ಬರುವುದಾದರೆ, ಎಡಗೈಯವನಿಗೆ ಎದುರಿನ ಎಡದಿಂದ ಬರುವ ಗಾಳಿಯೇ ಒಳ್ಳೆಯದು. ವಾಯವ್ಯಕ್ಕೆ ಮುಖ ಮಾಡಿದ ವೃತ್ತ ಅವನಿಗೆ ಸರಿಯಾಗಿ ಹೊಂದುತ್ತದೆ.